ಸಾರ್ವಕಾಲಿಕ ಎನ್‌ಎಫ್‌ಎಲ್ ಫ್ಯಾಂಟಸಿ ಟೀಮ್ ಕಟ್ಟೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿಯಲ್ಲಿ ಸೂಪರ್ ಬೌಲ್ ಮುಗಿದರೆ ಸೆಪ್ಟೆಂಬರ್ ತನಕ ಅಮೆರಿಕನ್ ಫುಟ್‌ಬಾಲ್ ಇರುವುದಿಲ್ಲ. ಆ ಖಾಲಿ ತಿಂಗಳುಗಳಲ್ಲಿ ನಾವು ಎಂಟು ಜನ ಗೆಳೆಯರು ಸೇರಿ ಈ ಆಟ ಆಡುತ್ತೇವೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇಲ್ಲಿಯ ತನಕ ಆಡಿದವರೊಳಗಿಂದ ಸರದಿಯಂತೆ ಒಬ್ಬೊಬ್ಬರನ್ನು ಆರಿಸಿ (ಇದಕ್ಕೇ ಡ್ರಾಫ್ಟ್ ಅನ್ನುವುದು) ಹಾಳೆಯ ಮೇಲೆ ಟೀಮ್ ಕಟ್ಟುವ ಆಟ. ನಾವಿರುವುದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಡೆ. ಫಾರ್ಟಿನೈನರ್ಸ್ ತಂಡದ ಸ್ಟೇಡಿಯಂ 2014ರಿಂದ ಇಲ್ಲೇ ಇದೆ. ಕೆಲಸಕ್ಕೆ ಅಂತ ಬಂದ ಕನ್ನಡದವರೂ ಇಲ್ಲಿ ತುಂಬಾ ಇದ್ದಾರೆ. ಹೊಸದಾಗಿ ಸೇರಿದವರು ಪ್ರತಿ ಸಲ ಇವೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಮಾಮೂಲಿ ಫ್ಯಾಂಟಸಿ ಫುಟ್‌ಬಾಲಿಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಫ್ಯಾಂಟಸಿಯಲ್ಲಿ ಈಗ ಆಡುತ್ತಿರುವವರನ್ನು ಆರಿಸುತ್ತೀರಿ. ಅವರು ನಿಜವಾದ ಪಂದ್ಯದಲ್ಲಿ ಆಡಿದ್ದಕ್ಕೆ ನಿಮಗೆ ಪಾಯಿಂಟ್. ಅವರು ಭಾನುವಾರ ಏನು ಮಾಡುತ್ತಾರೋ ಯಾರಿಗೂ ಗೊತ್ತಿರುವುದಿಲ್ಲ. ಸಾರ್ವಕಾಲಿಕ ಡ್ರಾಫ್ಟಿನಲ್ಲಿ ಎಲ್ಲ ಆಗಿಹೋದ ಆಟವೇ. ಅಂಕಿಅಂಶ ಎಲ್ಲರ ಮುಂದೆ ತೆರೆದಿರುತ್ತದೆ. ಆದರೂ ಹತ್ತು ರೌಂಡ್ ಮುಗಿಯುವಷ್ಟರಲ್ಲಿ ಒಬ್ಬರ ಟೀಮ್ ಇನ್ನೊಬ್ಬರದ್ದಕ್ಕಿಂತ ಎಷ್ಟೋ ಬಲವಾಗಿರುತ್ತದೆ. ಯಾರನ್ನು ಯಾವಾಗ ತಗೊಂಡಿರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಫ್ಯಾಂಟಸಿ ಫುಟ್‌ಬಾಲ್ ಹುಟ್ಟಿದ್ದು ಇಂಟರ್ನೆಟ್ಟಿನಲ್ಲಿ ಅಲ್ಲ. 1962ರಲ್ಲಿ ಓಕ್ಲಂಡ್ ರೈಡರ್ಸ್ ತಂಡದ ಪಾಲುದಾರ ಬಿಲ್ ವಿಂಕೆನ್‌ಬಾಕ್ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಗೆಳೆಯರ ಜೊತೆ ಕೂತು ಇದರ ನಿಯಮ ಬರೆದರು. ಮರುವರ್ಷ ಓಕ್ಲಂಡಿನಲ್ಲಿ ಮೊದಲ ಡ್ರಾಫ್ಟ್ ಆಯಿತು. ಅಲ್ಲಿ ಮೊಟ್ಟಮೊದಲು ಆರಿಸಿದ ಹೆಸರು ಜಾರ್ಜ್ ಬ್ಲಾಂಡಾ. ಆತ 48ನೇ ವಯಸ್ಸಿನ ತನಕ, ಒಟ್ಟು 26 ಸೀಸನ್ ಆಡಿದ ಮನುಷ್ಯ. ಆಗ ಲೆಕ್ಕ ಎಲ್ಲ ಪೆನ್ನು ಹಾಳೆಯಲ್ಲೇ. ನಾವೂ ಹಾಳೆಯಲ್ಲೇ ಆಡುತ್ತೇವೆ. ಅದೇ ಚೆಂದ.

ನನಗೆ ಆಟದ ನಿಯಮವೇ ಸರಿಯಾಗಿ ಗೊತ್ತಿಲ್ಲ. ಆಡಬಹುದಾ?

ಖಂಡಿತ ಆಡಬಹುದು. ಚೆಂಡು ಹಿಡಿದ ತಂಡಕ್ಕೆ ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಪಾಯಿಂಟ್.

ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಕೈಯಿಂದ ಚೆಂಡು ತಗೊಂಡು ಗುಂಪಿನೊಳಗೆ ನುಗ್ಗಿ ಓಡುವವನು ರನ್ನಿಂಗ್ ಬ್ಯಾಕ್. ದೂರ ಓಡಿ ಎಸೆತ ಹಿಡಿಯುವವನು ವೈಡ್ ರಿಸೀವರ್. ಎದುರಾಳಿಯನ್ನು ತಡೆಯುವುದನ್ನೂ ಎಸೆತ ಹಿಡಿಯುವುದನ್ನೂ ಎರಡೂ ಮಾಡುವವನು ಟೈಟ್ ಎಂಡ್. ಇಷ್ಟು ತಲೆಯಲ್ಲಿದ್ದರೆ ಸಾಕು. ಉಳಿದದ್ದು ಹೆಸರುಗಳ ಹಿಂದೆ ಹೋದ ಹಾಗೆ ತಾನಾಗೇ ಬರುತ್ತದೆ. ನಾನು ಈ ಆಟ ಕಲಿತಿದ್ದೇ ಹಾಗೆ.

ಒಬ್ಬ ಆಟಗಾರನ ಇಡೀ ವೃತ್ತಿಯನ್ನು ಆರಿಸಬೇಕಾ, ಒಂದು ಸೀಸನ್ನನ್ನಾ?

ಹೆಸರು ಹೇಳುವ ಮೊದಲು ಎಲ್ಲರೂ ಕೂತು ಇದನ್ನು ತೀರ್ಮಾನ ಮಾಡಲೇಬೇಕು. ಇದನ್ನು ಬಿಟ್ಟು ಶುರು ಮಾಡಿದರೆ ಮೂರನೇ ರೌಂಡಿಗೆ ಜಗಳ ಗ್ಯಾರಂಟಿ. ನಿಯಮ ಬದಲಾದರೆ ಯಾರು ದೊಡ್ಡವರು ಅನ್ನುವುದೇ ಬದಲಾಗುತ್ತದೆ.

ಇಡೀ ವೃತ್ತಿ ಅಂದುಕೊಳ್ಳಿ. ಆಗ ಎಮಿಟ್ ಸ್ಮಿತ್ 18,355 ಯಾರ್ಡ್ ಓಡಿ, 164 ಟಚ್‌ಡೌನ್ ಹೊಡೆದು ಎಲ್ಲರಿಗಿಂತ ಮೇಲೆ ನಿಲ್ಲುತ್ತಾನೆ. ಜಿಮ್ ಬ್ರೌನ್ 12,312 ಯಾರ್ಡಿಗೆ ನಿಂತುಬಿಡುತ್ತಾನೆ. ಆದರೆ ಬ್ರೌನ್ ಆಡಿದ್ದು ಒಂಬತ್ತೇ ಸೀಸನ್, 1957ರಿಂದ 1965ರ ತನಕ. ಅದರಲ್ಲಿ ಎಂಟು ಸಲ ಲೀಗಿನಲ್ಲೇ ಜಾಸ್ತಿ ಓಡಿದವನು ಅವನು. ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಪಂದ್ಯಕ್ಕೆ ಸರಾಸರಿ 104.3 ಯಾರ್ಡ್. ಸಿನಿಮಾದಲ್ಲಿ ನಟಿಸುತ್ತಿದ್ದಾಗ, ಮೂವತ್ತನೇ ವಯಸ್ಸಿಗೇ ಆಟ ಬಿಟ್ಟ. ಒಟ್ಟು ಮೊತ್ತ ನೋಡಿದರೆ ಸ್ಮಿತ್, ಒಂದೊಂದು ಪಂದ್ಯ ನೋಡಿದರೆ ಬ್ರೌನ್.

ನಾವು ಹಲವು ಸಲ ಆಡಿ ನೋಡಿ ಒಂದು ಸೀಸನ್ ಅಂತ ನಿಲ್ಲಿಸಿದ್ದೇವೆ. ಅಂದರೆ ಕಾರ್ಡಿನ ಮೇಲೆ ಬರೀ ಹೆಸರು ಬರೆಯುವುದಿಲ್ಲ, ವರ್ಷವನ್ನೂ ಬರೆಯುತ್ತೇವೆ. "ಟಾಮ್ಲಿನ್‌ಸನ್, 2006" ಅಂತ. ಹೀಗೆ ಮಾಡಿದರೆ ಎರಡು ಲಾಭ. ದೀರ್ಘಕಾಲ ಆಡಿದವರಿಗೆ ಮಾತ್ರ ಮಣೆ ಹಾಕಿದಂತೆ ಆಗುವುದಿಲ್ಲ. ಮತ್ತೆ ಆ ಒಂದು ವರ್ಷದ ಕಥೆ ಎದುರಿಗೆ ಬರುತ್ತದೆ. ವೃತ್ತಿಯ ಒಟ್ಟು ಮೊತ್ತದಲ್ಲಿ ಆ ಕಥೆ ಕಳೆದುಹೋಗುತ್ತದೆ. ಒಬ್ಬ ಆಟಗಾರ ಒಬ್ಬರ ಟೀಮಿಗೆ ಮಾತ್ರ. ಉದಾಹರಣೆಗೆ ರಿಸೀವರ್ ಜೆರ‍್ರಿ ರೈಸ್. ರೈಸ್ 1987 ಹೋದರೆ ರೈಸ್ 1995 ಕೂಡ ಹೋದಂತೆಯೇ.

ಪಾಯಿಂಟ್ ಲೆಕ್ಕ ಹೇಗೆ?

ಪಿಪಿಆರ್ (ಪಾಯಿಂಟ್ ಪರ್ ರಿಸೆಪ್ಷನ್) ಪದ್ಧತಿ, ಅಂದರೆ ಎಸೆತ ಹಿಡಿದದ್ದಕ್ಕೂ ಪಾಯಿಂಟ್. ಓಡಿದ ಅಥವಾ ಹಿಡಿದ ಹತ್ತು ಯಾರ್ಡಿಗೆ ಒಂದು ಪಾಯಿಂಟ್. ಹಿಡಿದ ಪ್ರತಿ ಎಸೆತಕ್ಕೂ ಒಂದು. ಟಚ್‌ಡೌನಿಗೆ ಆರು. ಕ್ವಾರ್ಟರ್‌ಬ್ಯಾಕ್ ಎಸೆದ 25 ಯಾರ್ಡಿಗೆ ಒಂದು, ಅವನ ಎಸೆತದಿಂದ ಬಂದ ಟಚ್‌ಡೌನಿಗೆ ನಾಲ್ಕು, ಅವನ ಎಸೆತವನ್ನು ಎದುರಾಳಿ ಹಿಡಿದುಬಿಟ್ಟರೆ, ಅಂದರೆ ಇಂಟರ್‌ಸೆಪ್ಷನ್ ಆದರೆ, ಎರಡು ಕಳೆಯಬೇಕು. ಫಂಬಲ್ (ಚೆಂಡು ಕೈಜಾರಿ ಬೀಳುವುದು) ಲೆಕ್ಕಕ್ಕಿಲ್ಲ, ಹಳೇ ದಾಖಲೆಗಳಲ್ಲಿ ಅದನ್ನು ಹುಡುಕುವುದು ಕಷ್ಟ.

ಒಂದು ಉದಾಹರಣೆ ಮಾಡಿ ನೋಡೋಣ. ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದ ಮಾರ್ಷಲ್ ಫಾಲ್ಕ್, 2000ನೇ ಇಸವಿ. ಓಡಿದ್ದು 1,359 ಯಾರ್ಡ್, ಅದಕ್ಕೆ 135.9. ಹಿಡಿದ ಎಸೆತ 81, ಅದಕ್ಕೆ 81. ಹಿಡಿದು ಸಾಗಿದ್ದು 830 ಯಾರ್ಡ್, ಅದಕ್ಕೆ 83. ಟಚ್‌ಡೌನ್ 26, ಅದಕ್ಕೆ 156. ಒಟ್ಟು 455.9. ಆ ವರ್ಷ ಅವನು ಆಡಿದ್ದು 14 ಪಂದ್ಯ. ಭಾಗಿಸಿದರೆ ಪಂದ್ಯಕ್ಕೆ 32.6.

ಈಗ ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡದ ಲಡೇನಿಯನ್ ಟಾಮ್ಲಿನ್‌ಸನ್, 2006. ಓಟ 1,815 ಯಾರ್ಡ್, 56 ಕ್ಯಾಚ್, ಅದರಲ್ಲಿ 508 ಯಾರ್ಡ್, ಟಚ್‌ಡೌನ್ 31. ಅಷ್ಟು ಟಚ್‌ಡೌನ್ ಒಂದೇ ಸೀಸನ್ನಿನಲ್ಲಿ ಬೇರೆ ಯಾರೂ ಹೊಡೆದಿಲ್ಲ. ಒಟ್ಟು 474.3. ಆದರೆ 16 ಪಂದ್ಯಕ್ಕೆ ಹಂಚಿದರೆ 29.6. ಒಟ್ಟು ಮೊತ್ತದಲ್ಲಿ ಟಾಮ್ಲಿನ್‌ಸನ್ ಮುಂದೆ, ಪಂದ್ಯದ ಸರಾಸರಿಯಲ್ಲಿ ಫಾಲ್ಕ್ ಮುಂದೆ.

ನಾವು ಸರಾಸರಿಯನ್ನೇ ಹಿಡಿಯುತ್ತೇವೆ. ಕಾರಣ ಮುಂದಿನ ಉತ್ತರದಲ್ಲಿದೆ.

ಹಳೇ ಕಾಲದ ಆಟಗಾರರನ್ನು ಈಗಿನವರ ಜೊತೆ ಹೇಗೆ ಹೋಲಿಸೋದು?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಸ್ವಲ್ಪ ಉದ್ದ ಉತ್ತರ ಬರೆಯುತ್ತೇನೆ.

ಮೊದಲನೆಯದು, ಪಂದ್ಯಗಳ ಸಂಖ್ಯೆ. ಎನ್‌ಎಫ್‌ಎಲ್ ಸೀಸನ್ 1961ರಿಂದ 14 ಪಂದ್ಯ, 1978ರಿಂದ 16, 2021ರಿಂದ 17. ಅದಕ್ಕೂ ಹಿಂದೆ 12, ಕೆಲವು ಕಾಲ 11. ಹಾಗಾಗಿ ಒಟ್ಟು ಮೊತ್ತ ಹಿಡಿದರೆ ಹಳಬರಿಗೆ ಅನ್ಯಾಯ ಆಗುತ್ತದೆ. ಪಂದ್ಯಕ್ಕೆ ಎಷ್ಟು ಅಂತ ನೋಡಿದರೆ ಅಷ್ಟರಮಟ್ಟಿಗೆ ಸರಿಹೋಗುತ್ತದೆ.

ಎರಡನೆಯದು, ನಿಯಮ. 1978ಕ್ಕೂ ಮೊದಲು ಡಿಫೆನ್ಸ್ ಆಟಗಾರರು ರಿಸೀವರನ್ನು ಮೈದಾನದುದ್ದಕ್ಕೂ ತಳ್ಳಬಹುದಿತ್ತು, ಗುದ್ದಬಹುದಿತ್ತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೆಲ್ ಬ್ಲೌಂಟ್ ಅದರಲ್ಲಿ ಎಷ್ಟು ಪಳಗಿದ್ದ ಅಂದರೆ, ಐದು ಯಾರ್ಡ್ ಆದಮೇಲೆ ಮುಟ್ಟಬಾರದು ಅಂತ ಆ ವರ್ಷ ತಂದ ನಿಯಮಕ್ಕೆ ಜನ ಅವನ ಹೆಸರನ್ನೇ ಇಟ್ಟರು. ಅದೇ ವರ್ಷ, ಕ್ವಾರ್ಟರ್‌ಬ್ಯಾಕನ್ನು ಕಾಯುವವರು ಕೈ ಚಾಚಿ ತಡೆಯಬಹುದು ಅಂತಲೂ ಆಯಿತು. ಅಲ್ಲಿಂದ ಎಸೆತದ ಆಟ ಸಲೀಸಾಯಿತು. ಆರೇ ವರ್ಷದಲ್ಲಿ, 1984ರಲ್ಲಿ, ಮಯಾಮಿಯ ಡ್ಯಾನ್ ಮರೀನೊ ತನ್ನ ಎರಡನೇ ಸೀಸನ್ನಿನಲ್ಲೇ 5,084 ಯಾರ್ಡ್ ಎಸೆದು 48 ಟಚ್‌ಡೌನ್ ಕೊಡಿಸಿದ. ಹಾಗಾಗಿ ಹಳೇ ಕಾಲದ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್ ಸಂಖ್ಯೆಯನ್ನು ಈ ಕಾಲದ ಪ್ಯಾಟ್ರಿಕ್ ಮಹೋಮ್ಸ್ ಸಂಖ್ಯೆಯ ಪಕ್ಕ ಸುಮ್ನೆ ಇಟ್ಟು ನೋಡಬಾರದು.

ಇದಕ್ಕೆ ಒಂದು ಸುಲಭ ದಾರಿ ಇದೆ. ಆ ಆಟಗಾರನನ್ನು ಅದೇ ವರ್ಷದ ಎರಡನೆಯವನ ಜೊತೆ ಹೋಲಿಸಿ. ಗ್ರೀನ್ ಬೇ ಪ್ಯಾಕರ್ಸ್ ತಂಡದ ಡಾನ್ ಹಟ್ಸನ್ ನೋಡಿ. 1942ರಲ್ಲಿ 11 ಪಂದ್ಯಗಳಲ್ಲಿ 74 ಕ್ಯಾಚ್, 1,211 ಯಾರ್ಡ್, 17 ಟಚ್‌ಡೌನ್. ಅದೇ ವರ್ಷ ಅವನ ನಂತರದವನ ಕ್ಯಾಚ್ ಎಷ್ಟು ಗೊತ್ತಾ? 27. ಟಚ್‌ಡೌನ್ ಹಿಡಿಯುವುದರಲ್ಲಿ ಎರಡನೆಯವನದ್ದು 8. ಎಲ್ಲರೂ ಎತ್ತಿನಗಾಡಿಯಲ್ಲಿ ಹೋಗುವಾಗ ಒಬ್ಬ ಮೋಟಾರ್ ಓಡಿಸಿದ ಹಾಗೆ. ನಮ್ಮ ಲೆಕ್ಕದಲ್ಲಿ ಅದು ಪಂದ್ಯಕ್ಕೆ 27 ಪಾಯಿಂಟ್. ಕೂಪರ್ ಕಪ್ ಅನ್ನುವ ರಿಸೀವರ್ 2021ರಲ್ಲಿ 145 ಕ್ಯಾಚ್ ಹಿಡಿದೂ ಬರುವುದು 25.7. ಎಂಬತ್ತು ವರ್ಷದ ಹಿಂದಿನ ರಿಸೀವರ್ ಈಗಿನವರಿಗಿಂತ ಮುಂದೆ!

ಆದರೆ ಪೂರ್ತಿ ಚಿತ್ರ ನೋಡಬೇಕು. 1942 ಯುದ್ಧದ ವರ್ಷ. ಎಷ್ಟೋ ಆಟಗಾರರು ಸೈನ್ಯಕ್ಕೆ ಹೋಗಿದ್ದರು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 1934ರಿಂದ 1945ರ ತನಕ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. 1946ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡಕ್ಕೆ ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ಬಂದ ಮೇಲೆ ಆ ಬಾಗಿಲು ತೆರೆಯಿತು. ಹಟ್ಸನ್ ಎಷ್ಟೇ ದೊಡ್ಡವನಾದರೂ ಅವನ ಎದುರು ಆಡಬೇಕಾದ ಎಷ್ಟೋ ಜನ ಮೈದಾನದ ಹೊರಗಿದ್ದರು. ಅವನ ಕಾರ್ಡ್ ಎತ್ತುವಾಗ ನಾನು ಇದನ್ನು ಹೊಸಬರಿಗೆ ತಪ್ಪದೆ ಹೇಳುತ್ತೇನೆ.

ನಾವು 1932ರಿಂದ ಈಚೆಗಿನವರನ್ನು ಮಾತ್ರ ತಗೊಳ್ಳುತ್ತೇವೆ. ಲೀಗ್ ಅಧಿಕೃತವಾಗಿ ಅಂಕಿಅಂಶ ಇಡಲು ಶುರು ಮಾಡಿದ್ದೇ ಆ ವರ್ಷ.

ನನಗೆ ಒಂದನೇ ಪಿಕ್ (ಮೊದಲು ಆರಿಸುವ ಸರದಿ) ಬಂತು. ಯಾರನ್ನು ತಗೊಳ್ಳಲಿ?

ಫಾಲ್ಕ್, 2000. ಯೋಚನೆ ಮಾಡುವುದೇ ಬೇಡ. ಓಟವೂ ಇದೆ, ಕ್ಯಾಚೂ ಇದೆ, ಟಚ್‌ಡೌನೂ ಇದೆ.

ಫಾಲ್ಕ್ ಹೋಗಿದ್ದರೆ ಕ್ಯಾನ್ಸಸ್ ಸಿಟಿಯ ಪ್ರೀಸ್ಟ್ ಹೋಮ್ಸ್, 2002. ಈ ಹೆಸರು ಹೊಸಬರಿಗೆ ಹೊಳೆಯುವುದೇ ಇಲ್ಲ. ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮಿನಲ್ಲೂ ಅವನಿಲ್ಲ. ಆದರೆ ಆ ವರ್ಷ 14 ಪಂದ್ಯದಲ್ಲಿ 1,615 ಯಾರ್ಡ್ ಓಟ, 70 ಕ್ಯಾಚ್, 672 ಯಾರ್ಡ್, 24 ಟಚ್‌ಡೌನ್. ಪಂದ್ಯಕ್ಕೆ 31.6. ಆಮೇಲೆ ಟಾಮ್ಲಿನ್‌ಸನ್. ಅವನ ಹಿಂದೆಯೇ 2019ರ ಕ್ರಿಶ್ಚಿಯನ್ ಮೆಕ್ಯಾಫ್ರಿ, 116 ಕ್ಯಾಚಿನ ಜೊತೆ, ಪಂದ್ಯಕ್ಕೆ 29.3.

ಕ್ವಾರ್ಟರ್‌ಬ್ಯಾಕ್ ಮುಖ್ಯ ಅಂತಾರಲ್ಲ, ಅವನನ್ನೇ ಮೊದಲು ತಗೊಂಡರೆ?

ಮೈದಾನದಲ್ಲಿ ಅವನೇ ಮುಖ್ಯ. ಡ್ರಾಫ್ಟಿನಲ್ಲಿ ಅಲ್ಲ. ಮೊದಲ ಸಲ ಆಡುವವರು ಎಡವುವುದು ಇಲ್ಲೇ.

ಲೆಕ್ಕ ನೋಡಿ. 2013ರ ಪೇಟನ್ ಮ್ಯಾನಿಂಗ್, 5,477 ಯಾರ್ಡ್, 55 ಟಚ್‌ಡೌನ್. 2018ರ ಮಹೋಮ್ಸ್, 50 ಟಚ್‌ಡೌನ್. 2019ರ ಲಾಮಾರ್ ಜಾಕ್ಸನ್, 36 ಟಚ್‌ಡೌನ್ ಎಸೆದು ಮೇಲಿಂದ 1,206 ಯಾರ್ಡ್ ಓಡಿದ. ಮೂವರೂ ಮೂರು ಬಗೆಯ ಆಟಗಾರರು. ಆದರೆ ಮೂವರ ಮೊತ್ತವೂ 420ರ ಆಸುಪಾಸು. ಲಾಮಾರ್ ಆಡಿದ್ದು 15 ಪಂದ್ಯ, ಅದಕ್ಕೆ ಅವನ ಸರಾಸರಿ 28. ಇನ್ನೂ ಕೆಳಗೆ ಇಳಿದರೆ 2007ರ ಟಾಮ್ ಬ್ರೇಡಿ ಸಿಗುತ್ತಾನೆ, 50 ಟಚ್‌ಡೌನ್, ಪಂದ್ಯಕ್ಕೆ ಸುಮಾರು 25. ಮೇಲಿನವನಿಗೂ ಅವನಿಗೂ ಇರುವ ಅಂತರ ಮೂರು ಪಾಯಿಂಟ್.

ಅದೇ ರನ್ನಿಂಗ್ ಬ್ಯಾಕ್ ಆದರೆ? ಫಾಲ್ಕ್ 32.6. ಡೆಟ್ರಾಯಿಟಿನ ಬ್ಯಾರಿ ಸ್ಯಾಂಡರ್ಸ್ 2,053 ಯಾರ್ಡ್ ಓಡಿದ 1997ರ ಸೀಸನ್ 22. ಹತ್ತು ಪಾಯಿಂಟಿಗೂ ಜಾಸ್ತಿ ವ್ಯತ್ಯಾಸ. ಜೊತೆಗೆ ಪ್ರತಿ ಟೀಮಿಗೂ ಇಬ್ಬರು ರನ್ನಿಂಗ್ ಬ್ಯಾಕ್ ಬೇಕು. ಎಂಟು ಜನ ಆಡಿದರೆ ಹದಿನಾರು. ಕ್ವಾರ್ಟರ್‌ಬ್ಯಾಕ್ ಎಂಟೇ ಸಾಕು. ಸಂತೆಯಲ್ಲಿ ಬೇಗ ಖಾಲಿಯಾಗುವ ಸಾಮಾನು ಮೊದಲು ಕೊಳ್ಳುತ್ತೀರಿ ಅಲ್ವಾ, ಹಾಗೇ.

ಬ್ರೇಡಿಯನ್ನು 2000ರಲ್ಲಿ, ತಂಡಗಳು ಹೊಸ ಆಟಗಾರರನ್ನು ಆರಿಸುವ ನಿಜವಾದ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ ಆರಿಸಿದ್ದು 199ನೆಯವನಾಗಿ. ಆಮೇಲೆ ಏಳು ಸೂಪರ್ ಬೌಲ್ ಗೆದ್ದ. ನಮ್ಮ ಡ್ರಾಫ್ಟಿನಲ್ಲೂ ಅವನು ಎಷ್ಟೋ ಸಲ ಐದನೇ ರೌಂಡಿನ ತನಕ ಕಾಯುತ್ತಾನೆ. ಆಗ ಧೈರ್ಯವಾಗಿ ತಗೊಳ್ಳಿ.

ಜೆರ‍್ರಿ ರೈಸಾ, ರ‍್ಯಾಂಡಿ ಮಾಸಾ?

ಇಬ್ಬರೂ ವೈಡ್ ರಿಸೀವರುಗಳು. 2007ರ ಮಾಸ್ 23 ಟಚ್‌ಡೌನ್ ಹಿಡಿದ. ಅದು ಇವತ್ತಿಗೂ ದಾಖಲೆ. ಆದರೆ ಅವನಿಗೆ 16 ಪಂದ್ಯ ಸಿಕ್ಕಿತ್ತು. ರೈಸ್ 1987ರಲ್ಲಿ 22 ಹಿಡಿದದ್ದು 12 ಪಂದ್ಯದಲ್ಲಿ. ಆ ವರ್ಷ ಆಟಗಾರರ ಮುಷ್ಕರ ಆಗಿತ್ತು. ಓಟದ ಒಂದು ಟಚ್‌ಡೌನನ್ನೂ ಸೇರಿಸಿದರೆ ರೈಸಿಗೆ ಪಂದ್ಯಕ್ಕೆ 26.3, ಮಾಸಿಗೆ 24.1. ನನ್ನ ಆಯ್ಕೆ ರೈಸ್. ವೃತ್ತಿ ಲೆಕ್ಕ ಹಾಕಿದರಂತೂ ಹತ್ತಿರ ಬರುವವರೇ ಇಲ್ಲ. 1,549 ಕ್ಯಾಚ್, 22,895 ಯಾರ್ಡ್.

ರೈಸ್ ಮಿಸಿಸಿಪ್ಪಿಯ ಹಳ್ಳಿಯ ಹುಡುಗ. ಅಪ್ಪ ಗಾರೆ ಕೆಲಸದವರು. ಬೇಸಿಗೆಯಲ್ಲಿ ಮಕ್ಕಳೂ ಕೆಲಸಕ್ಕೆ ಹೋಗಬೇಕು. ಕೆಳಗಿನಿಂದ ಅಣ್ಣತಮ್ಮಂದಿರು ಇಟ್ಟಿಗೆ ಎಸೆಯುತ್ತಿದ್ದರು, ಮೇಲೆ ಸಾರುವೆಯ ಮೇಲೆ ನಿಂತ ಜೆರ‍್ರಿ ಹಿಡಿಯುತ್ತಿದ್ದ. ಇಟ್ಟಿಗೆಯನ್ನು ಬರಿಗೈಯಲ್ಲಿ ಹಿಡಿದು ಬೆಳೆದವನಿಗೆ ಚೆಂಡು ಜಾರುತ್ತದಾ?

ಇಲ್ಲಿ ರೆಡ್‌ವುಡ್ ಸಿಟಿ ಹತ್ತಿರ ಎಡ್ಜ್‌ವುಡ್ ಪಾರ್ಕ್ ಅಂತ ಇದೆ. ರೈಸ್ ಅಭ್ಯಾಸಕ್ಕೆ ಓಡುತ್ತಿದ್ದ ಗುಡ್ಡ ಅದೇ. ಸುಮಾರು ಎರಡೂವರೆ ಮೈಲಿ ಏರುದಾರಿ. ಒಂದು ಶನಿವಾರ ಬೆಳಿಗ್ಗೆ ನಾನು ಆ ದಾರಿ ನಡೆದೆ, ಓಡಲಿಲ್ಲ. ಮಣ್ಣಿನ ಕಿರುದಾರಿ, ಓಕ್ ಮರದ ನೆರಳು ಒಂದಿಷ್ಟು ದೂರ, ಆಮೇಲೆ ಬಯಲು ಹುಲ್ಲು. ಒಂದು ತಿರುವು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಏರು. ಮೇಲೆ ತಲುಪಿದಾಗ ಬೆನ್ನು ಒದ್ದೆ. ಋತು ಮುಗಿದ ರಜೆಯಲ್ಲಿ, ಯಾರೂ ನೋಡದಿರುವಾಗ, ಆ ಮನುಷ್ಯ ಇದನ್ನು ಓಡುತ್ತಿದ್ದ. ಅವತ್ತಿಂದ ರೈಸ್ ಕಾರ್ಡನ್ನು ನಾನು ಬೇರೆಯವರಿಗೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಟೈಟ್ ಎಂಡ್ ಯಾವಾಗ ತಗೊಳ್ಳಬೇಕು?

ಮೂರನೇ ರೌಂಡು ಅಥವಾ ಕೊನೆಗೆ. ನಡುವೆ ಬೇಡ. 2011ರ ರಾಬ್ ಗ್ರಾಂಕೌಸ್ಕಿ ಮತ್ತು 2020ರ ಟ್ರಾವಿಸ್ ಕೆಲ್ಸಿ ಇಬ್ಬರೂ ಪಂದ್ಯಕ್ಕೆ 20ರ ಮೇಲೆ ಕೊಡುತ್ತಾರೆ. ಅವರಿಬ್ಬರು ಹೋದಮೇಲೆ ಅವಸರ ಮಾಡಿ ಲಾಭವಿಲ್ಲ. ಆಗ 1961ರ ಮೈಕ್ ಡಿಟ್ಕಾ ನೋಡಿ. ಮೊದಲ ಸೀಸನ್ನಿನಲ್ಲೇ 1,076 ಯಾರ್ಡ್, 12 ಟಚ್‌ಡೌನ್. ಟೈಟ್ ಎಂಡ್ ಅಂದರೆ ಬರೀ ತಡೆಯುವವನು ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ ಅದು.

ಡಿಫೆನ್ಸ್ ಹೇಗೆ ಆರಿಸೋದು?

ಒಬ್ಬೊಬ್ಬರನ್ನೇ ಆರಿಸಲು ಹೋದರೆ ಒಂದು ತೊಡಕಿದೆ. ಕ್ವಾರ್ಟರ್‌ಬ್ಯಾಕನ್ನು ಚೆಂಡಿನ ಸಮೇತ ಕೆಡವುವುದಕ್ಕೆ ಸ್ಯಾಕ್ ಅಂತಾರಲ್ಲ, ಅದನ್ನು ಲೀಗ್ ಅಧಿಕೃತವಾಗಿ ಎಣಿಸಿದ್ದು 1982ರಿಂದ. ಹಾಗಾಗಿ ರೆಜಿ ವೈಟ್ 1987ರಲ್ಲಿ 12 ಪಂದ್ಯದಲ್ಲಿ ಮಾಡಿದ 21 ಸ್ಯಾಕ್ ಲೆಕ್ಕಕ್ಕಿದೆ. ಅರವತ್ತರ ದಶಕದಲ್ಲಿ ಆ ಪದವನ್ನೇ ಬಳಕೆಗೆ ತಂದ ಡೀಕನ್ ಜೋನ್ಸ್ ಅಧಿಕೃತ ಪಟ್ಟಿಯಲ್ಲೇ ಇಲ್ಲ. ಅದು ಸರಿಯಲ್ಲ ಅಂತ ನಾವು ಇಡೀ ತಂಡದ ಡಿಫೆನ್ಸನ್ನೇ ಒಂದು ಕಾರ್ಡ್ ಮಾಡಿದ್ದೇವೆ.

ಎಲ್ಲರೂ 1985ರ ಶಿಕಾಗೊ ಬೇರ್ಸ್ ಕಡೆ ಕೈ ಚಾಚುತ್ತಾರೆ. 16 ಪಂದ್ಯದಲ್ಲಿ ಎದುರಾಳಿಗೆ ಬಿಟ್ಟುಕೊಟ್ಟದ್ದು 198 ಪಾಯಿಂಟ್. 2000ದ ಬಾಲ್ಟಿಮೋರ್ ರೇವನ್ಸ್ ಇನ್ನೂ ಗಟ್ಟಿ, 165. ಆದರೆ ನನಗೆ ಬೇಕಾದದ್ದು 1976ರ ಸ್ಟೀಲರ್ಸ್. ಕೊನೆಯ ಒಂಬತ್ತು ಪಂದ್ಯದಲ್ಲಿ ಅವರು ಕೊಟ್ಟದ್ದು ಒಟ್ಟು 28 ಪಾಯಿಂಟ್. ಐದು ಪಂದ್ಯದಲ್ಲಿ ಸೊನ್ನೆ. ಅದು 1978ಕ್ಕೂ ಮುಂಚಿನ ನಿಯಮದ ಆಟ, ಮೆಲ್ ಬ್ಲೌಂಟ್ ಇದ್ದ ತಂಡ. ಅನುಕೂಲ ಅವರ ಕಡೆಗಿತ್ತು, ನಿಜ. ಆದರೂ ಒಂಬತ್ತು ಪಂದ್ಯಕ್ಕೆ 28 ಅಂದರೆ 28.

ಕಿಕ್ಕರ್?

ಚೆಂಡನ್ನು ಕಾಲಿನಿಂದ ಒದೆಯುವವನು. ಕೊನೆಯ ರೌಂಡು. ಯಾರಾದರೂ ಸರಿ.

ಆಫೆನ್ಸಿವ್ ಲೈನ್ ಆಟಗಾರರಿಗೆ ಪಾಯಿಂಟೇ ಇಲ್ವಾ?

ಫ್ಯಾಂಟಸಿಯಲ್ಲಿ ಇಲ್ಲ. ಇದು ನನಗೆ ಮೊದಲಿಂದಲೂ ಕೊರೆಯುವ ವಿಷಯ. ಮುಂದೆ ನಿಂತು ಎದುರಾಳಿಯನ್ನು ತಡೆಯುವ ಐವರು ಚೆಂಡು ಮುಟ್ಟುವುದೇ ಅಪರೂಪ. ಹಾಗಾಗಿ ಅವರ ಹೆಸರಿನ ಮುಂದೆ ಅಂಕಿಯೇ ಇರುವುದಿಲ್ಲ. ಫಾಲ್ಕ್ ಓಡಿದ ದಾರಿಯನ್ನು ತೆರೆದವರಲ್ಲಿ ಓರ್ಲಾಂಡೊ ಪೇಸ್ ಒಬ್ಬ. 1997ರ ಡ್ರಾಫ್ಟಿನಲ್ಲಿ ಮೊದಲ ಪಿಕ್ ಅವನೇ. ಸಿನ್ಸಿನಾಟಿಯ ಆಂಟನಿ ಮುನ್ಯೋಸ್ ಇನ್ನೊಬ್ಬ ಅಪ್ರತಿಮ.

ನಾವು ಒಂದು ಉಪಾಯ ಮಾಡಿದ್ದೇವೆ. ಹತ್ತು ರೌಂಡ್ ಆದಮೇಲೆ ಪ್ರತಿಯೊಬ್ಬರೂ ಒಬ್ಬ ಲೈನ್‌ಮ್ಯಾನ್ ಹೆಸರು ಹೇಳಿ, ಅವನ ಬಗ್ಗೆ ಎರಡು ನಿಮಿಷ ಮಾತಾಡಬೇಕು. ಪಾಯಿಂಟ್ ಇಲ್ಲ. ಆದರೆ ಹೆಸರು ಹಲಗೆ ಮೇಲೆ ಬರುತ್ತದೆ.

ಪಾಯಿಂಟ್ ಕಡಿಮೆ ಆದರೂ ಇಷ್ಟದ ಆಟಗಾರನನ್ನು ತಗೊಳ್ಳಬಹುದಾ?

ತಗೊಳ್ಳಿ. ಒಬ್ಬರನ್ನಾದರೂ ಹಾಗೆ ತಗೊಳ್ಳಲೇಬೇಕು ಅಂತ ನಾನು ಹೇಳುತ್ತೇನೆ.

ನನಗೆ ಬ್ಯಾರಿ ಸ್ಯಾಂಡರ್ಸ್. ಪಂದ್ಯಕ್ಕೆ 22 ಅಂತ ಮೇಲೆ ಬರೆದೆ. ಮೊದಲ ಎರಡು ರೌಂಡಿಗೆ ಅದು ಸಾಲದು. ಆದರೆ ಆ 1997ರ ಸೀಸನ್ ಹೇಗಿತ್ತು ನೋಡಿ. ಮೊದಲ ಎರಡು ಪಂದ್ಯ ಸೇರಿ ಓಡಿದ್ದು ಬರೀ 53 ಯಾರ್ಡ್. ಉಳಿದ 14 ಪಂದ್ಯದಲ್ಲೂ ಪ್ರತಿ ಸಲ ನೂರರ ಮೇಲೆ. ಟಚ್‌ಡೌನ್ ಆದಮೇಲೆ ಕುಣಿಯುವುದಿಲ್ಲ, ಚೆಂಡು ಎಸೆಯುವುದಿಲ್ಲ. ನೆಟ್ಟಗೆ ಅಂಪೈರ್ ಹತ್ತಿರ ಹೋಗಿ, ಅಂಗಡಿಯವನಿಗೆ ಚಿಲ್ಲರೆ ಕೊಟ್ಟ ಹಾಗೆ ಚೆಂಡನ್ನು ಕೈಗೆ ಕೊಟ್ಟು ಹೊರಟುಬಿಡುತ್ತಾನೆ. 1999ರಲ್ಲಿ, ಸಾರ್ವಕಾಲಿಕ ಓಟದ ದಾಖಲೆ ಕೈಗೆಟಕುವಷ್ಟು ದೂರ ಇದ್ದಾಗ, ತನ್ನ ಊರಿನ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ನಿವೃತ್ತನಾದ.

ವಾಲ್ಟರ್ ಪೇಟನ್ ಕೂಡ ಹಾಗೇ. 1977ರಲ್ಲಿ ಜ್ವರದಿಂದ ಬಳಲುತ್ತಲೇ ಮಿನೆಸೋಟಾ ವೈಕಿಂಗ್ಸ್ ಎದುರು 275 ಯಾರ್ಡ್ ಓಡಿದ. ಹದಿಮೂರು ಸೀಸನ್ನಿನಲ್ಲಿ ತಪ್ಪಿಸಿದ್ದು ಒಂದೇ ಪಂದ್ಯ. 45ನೇ ವಯಸ್ಸಿಗೇ ತೀರಿಕೊಂಡ. ಲೀಗ್ ಸಮಾಜಸೇವೆಗೆ ಕೊಡುವ ಪ್ರಶಸ್ತಿಗೆ ಈಗ ಅವನ ಹೆಸರಿದೆ.

ಓ. ಜೆ. ಸಿಂಪ್ಸನ್ ತಗೊಳ್ಳಬಹುದಾ?

ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. 1975ರ ಅವನ ಸೀಸನ್ 23 ಟಚ್‌ಡೌನಿನದು, ಪಂದ್ಯಕ್ಕೆ 27.9. 1973ರಲ್ಲಿ 14 ಪಂದ್ಯದಲ್ಲೇ 2,003 ಯಾರ್ಡ್ ಓಡಿದ. 1994ರಲ್ಲಿ ಅವನ ಮಾಜಿ ಪತ್ನಿ ಮತ್ತು ಆಕೆಯ ಗೆಳೆಯನ ಕೊಲೆಯಾಯಿತು. 1995ರಲ್ಲಿ ಕ್ರಿಮಿನಲ್ ನ್ಯಾಯಾಲಯದ ಜ್ಯೂರಿ ಅವನನ್ನು ನಿರ್ದೋಷಿ ಅಂದಿತು. 1997ರಲ್ಲಿ ಸಿವಿಲ್ ನ್ಯಾಯಾಲಯದ ಜ್ಯೂರಿ ಆ ಸಾವುಗಳಿಗೆ ಅವನೇ ಹೊಣೆ ಅಂದಿತು. ಹಾಲ್ ಆಫ್ ಫೇಮಿನಲ್ಲಿ ಅವನ ಹೆಸರು ಹಾಗೇ ಇದೆ.

ನಿಮ್ಮ ಗುಂಪಿನಲ್ಲಿ ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಅವನ ಕಾರ್ಡ್ ಇಲ್ಲ. ಇಬ್ಬರಿಗೆ ಅದು ಒಪ್ಪಿಗೆ ಇರಲಿಲ್ಲ, ಆಟದ ಲೆಕ್ಕ ಬೇರೆ ಅಂದರು. ಅವರ ಮಾತಿನಲ್ಲೂ ಅರ್ಥವಿದೆ. ಆದರೆ ಆ ಕಾರ್ಡ್ ಎತ್ತಿ ಖುಷಿಪಡುವುದು ನನ್ನಿಂದ ಆಗುವುದಿಲ್ಲ.

ಡ್ರಾಫ್ಟ್ ದಿನ ಏನೇನು ಬೇಕು?

ಒಂದು ಬಿಳಿ ಹಲಗೆ, ರಟ್ಟಿನ ಕಾರ್ಡು, ಎರಡು ನಿಮಿಷದ ಗಡಿಯಾರ. ಟೀಮ್ ಹೀಗಿರಲಿ: ಒಬ್ಬ ಕ್ವಾರ್ಟರ್‌ಬ್ಯಾಕ್, ಇಬ್ಬರು ರನ್ನಿಂಗ್ ಬ್ಯಾಕ್, ಮೂವರು ರಿಸೀವರ್, ಒಬ್ಬ ಟೈಟ್ ಎಂಡ್, ಕ್ವಾರ್ಟರ್‌ಬ್ಯಾಕ್ ಬಿಟ್ಟು ಇವರಲ್ಲೇ ಯಾರಾದರೂ ಇನ್ನೊಬ್ಬ, ಒಂದು ಡಿಫೆನ್ಸ್, ಒಬ್ಬ ಕಿಕ್ಕರ್. ಹತ್ತು ರೌಂಡ್.

ಸರದಿ ಹಾವಿನ ಹಾಗೆ ಹೋಗಿ ಬರಬೇಕು. ಮೊದಲ ರೌಂಡ್ ಒಂದರಿಂದ ಎಂಟು, ಎರಡನೆಯದು ಎಂಟರಿಂದ ಒಂದು. ಹಾಗಾಗಿ ಒಂದನೆಯವರಿಗೆ ಫಾಲ್ಕ್ ಸಿಕ್ಕರೂ ಮತ್ತೆ ಸರದಿ ಬರುವುದು ಹದಿನಾರನೆಯದಾಗಿ. ಎಂಟನೆಯವರಿಗೆ ಎಂಟು, ಒಂಬತ್ತು ಎರಡೂ ಒಟ್ಟಿಗೆ. ನನಗೆ ಎಂಟನೇ ಜಾಗ ಇಷ್ಟ. ರೈಸ್, ಹಟ್ಸನ್ ಇಬ್ಬರನ್ನೂ ಒಂದೇ ಉಸಿರಿಗೆ ತಗೊಂಡಿದ್ದೇನೆ.

ದುಡ್ಡು ಕಟ್ಟಿ ಆಡಬೇಡಿ. ಸೋತವರು ಮುಂದಿನ ಸಲದ ಊಟ ಹಾಕಿಸಲಿ.

ಡ್ರಾಫ್ಟ್ ಮುಗಿದ ಮೇಲೆ ಗೆದ್ದವರು ಯಾರು ಅಂತ ಹೇಗೆ ಗೊತ್ತಾಗುತ್ತದೆ?

ಎಲ್ಲರ ಸರಾಸರಿ ಕೂಡಿಸಿದರೆ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದರಲ್ಲಿ ಸ್ವಾರಸ್ಯ ಇಲ್ಲ. ಸರಾಸರಿ ಡ್ರಾಫ್ಟಿಗೆ ಇರಲಿ, ಪಂದ್ಯಕ್ಕೆ ಚೀಟಿ ಇರಲಿ.

ಒಂದು ಡಬ್ಬಿಯಲ್ಲಿ ಒಂದರಿಂದ ಹದಿನಾಲ್ಕರ ತನಕ ಬರೆದ ಚೀಟಿ ಹಾಕಿ. ಇಬ್ಬರು ಎದುರುಬದುರು ಕೂತು, ಪ್ರತಿ ಆಟಗಾರನಿಗೂ ಒಂದೊಂದು ಚೀಟಿ ಎತ್ತಬೇಕು. ಐದು ಬಂದರೆ ಆ ಸೀಸನ್ನಿನ ಐದನೇ ಪಂದ್ಯದಲ್ಲಿ ಅವನು ನಿಜವಾಗಿ ಏನು ಮಾಡಿದನೋ ಅದೇ ಅವನ ಪಾಯಿಂಟ್. ಹಟ್ಸನ್ ತರಹ ಅಷ್ಟು ಪಂದ್ಯ ಇಲ್ಲದವನಾದರೆ ಇನ್ನೊಮ್ಮೆ ಎತ್ತಿ. ಎತ್ತಿದ ಚೀಟಿ ಮತ್ತೆ ಡಬ್ಬಿಗೆ. ಪಂದ್ಯವಾರು ಅಂಕಿಅಂಶ ಈಗ ಫೋನಿನಲ್ಲೇ ಸಿಗುತ್ತದೆ. ಸ್ಯಾಂಡರ್ಸಿಗೆ ಒಂದು ಅಥವಾ ಎರಡು ಬಂತೋ, ಮುಗಿಯಿತು. ಮೂರರ ಮೇಲೆ ಬಂದರೆ ಬದುಕಿದಿರಿ.

ಹೋದ ಸಲ ನಮ್ಮಲ್ಲಿ ಒಬ್ಬರು ಆರನೇ ರೌಂಡಿನಲ್ಲಿ ಗೇಲ್ ಸೇಯರ್ಸ್, 1965 ತಗೊಂಡಿದ್ದರು. ಮೊಣಕಾಲಿನ ಗಾಯದಿಂದ ಒಟ್ಟು 68 ಪಂದ್ಯಕ್ಕೇ ವೃತ್ತಿ ಮುಗಿದ ಆಟಗಾರ. ಸರಾಸರಿ 21ರ ಸುತ್ತ. ಬರೀ ಪ್ರೀತಿಯಿಂದ ತಗೊಂಡದ್ದು. ಕೊನೆಯ ಚೀಟಿಗೆ ಬಂದಾಗ ಅವರು 40 ಪಾಯಿಂಟ್ ಹಿಂದಿದ್ದರು. ಉಳಿದದ್ದು ಸೇಯರ್ಸ್ ಒಬ್ಬನೇ. ಡಬ್ಬಿ ಅಲ್ಲಾಡಿಸಿ ಚೀಟಿ ಎತ್ತಿದರು, ಬಿಚ್ಚಿ ಮೇಜಿನ ಮೇಲೆ ಇಟ್ಟರು. ಹದಿಮೂರು.

ಇಬ್ಬರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. ಅರ್ಥವಾಗದ ಹೊಸಬರು ಫೋನಿನಲ್ಲಿ ಹುಡುಕಿದರು. 1965ರ ಡಿಸೆಂಬರ್ 12, ಶಿಕಾಗೊದ ರಿಗ್ಲಿ ಫೀಲ್ಡ್, ಎದುರಾಳಿ ನಮ್ಮ ಫಾರ್ಟಿನೈನರ್ಸ್. ಮೈದಾನ ತುಂಬಾ ಕೆಸರು, ಉಳಿದವರೆಲ್ಲ ಜಾರಿ ಬೀಳುತ್ತಿದ್ದರು. ಓಡಿ ನಾಲ್ಕು, ಎಸೆತ ಹಿಡಿದು 80 ಯಾರ್ಡ್ ಹೋಗಿ ಒಂದು, ಪಂಟ್ (ಎದುರಾಳಿ ದೂರಕ್ಕೆ ಒದ್ದ ಚೆಂಡು) ಹಿಡಿದು 85 ಯಾರ್ಡ್ ಹೋಗಿ ಇನ್ನೊಂದು. ಒಟ್ಟು ಆರು ಟಚ್‌ಡೌನ್. ನಮ್ಮ ಲೆಕ್ಕದಲ್ಲಿ 58.2. ಹಾಳೆಯ ಮೇಲೆ ಅದನ್ನು ಕೂಡಿಸಿ ಬರೆದವನು ನಾನೇ, ಯಾಕೆಂದರೆ ಎದುರು ಕೂತಿದ್ದವನು ನಾನು.